ಜರಡಿಯ ಕೈಗುಣ

ಭೂಮಿಯ ಹೊಟ್ಟೆಯಲ್ಲಿ ಚಿನ್ನವಿದೆಯೇ ಎಂದು ಕಂಡುಹಿಡಿಯಲು ಸರ್ಕಾರ ತೆರೆದಿದ್ದ ಆ ಆಫೀಸಿನಲ್ಲಿ, ಕಪಾಟಿನ ಬೀಗದ ಕೈ ಎಲ್ಲಿದೆ ಎಂದು ಕಂಡುಹಿಡಿಯುವುದಕ್ಕೇ ಅರ್ಧ ದಿನ ಹಿಡಿಯುತ್ತಿತ್ತು. ಅದೊಂದು ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಸಾಹೇಬರು, ನಡುಮನೆಯಲ್ಲಿ ಮಣ್ಣಿನ ಚೀಲಗಳು, ಅಡುಗೆಮನೆಯಲ್ಲಿ ಜರಡಿಗಳು. ವರ್ಷಗಟ್ಟಲೆ ಹಳ್ಳಿ ಹಳ್ಳಿ ಸುತ್ತಿ, ಹೊಲ, ಹಳ್ಳ, ಗುಡ್ಡ ಯಾವುದನ್ನೂ ಬಿಡದೆ ಮಣ್ಣು ತಂದು, ಜರಡಿ ಹಿಡಿದು, ದೊಡ್ಡ ಊರಿನ ಲ್ಯಾಬಿಗೆ ಕಳಿಸುತ್ತಿದ್ದರು. ಲ್ಯಾಬಿನಿಂದ ಬರುತ್ತಿದ್ದ ಉತ್ತರ ಯಾವಾಗಲೂ ಒಂದೇ: ಏನೂ ಇಲ್ಲ. ಅಕ್ಕಪಕ್ಕದ ಜಿಲ್ಲೆಗಳಲ್ಲಿ ಇಂಥ ಆಫೀಸುಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡಿದ್ದವು. ಇದಕ್ಕೂ ಇವತ್ತೋ ನಾಳೆಯೋ ಬೀಗ ಬೀಳುವುದರಲ್ಲಿತ್ತು. ಬೀಗದ ಕೈ ಸಿಕ್ಕಿರಲಿಲ್ಲ, ಅಷ್ಟೆ.

ನಮ್ಮ ಕಥಾನಾಯಕ ಆ ಆಫೀಸಿನಲ್ಲಿ ನೀರು ಹಿಡಿಯುವುದು, ಟೀ ತರುವುದು, ಕುರ್ಚಿ ಒರೆಸುವುದು ಇತ್ಯಾದಿ ಜವಾಬ್ದಾರಿಯುತ ಕೆಲಸಗಳನ್ನು ಮಾಡಿಕೊಂಡಿದ್ದವನು. ಜರಡಿ ಹಿಡಿಯುತ್ತಿದ್ದ ಮುದುಕನಿಗೆ ಧೂಳಿನಿಂದ ದಮ್ಮು ಹತ್ತಿ ಅವನು ಕೆಲಸ ಬಿಟ್ಟ. ಸಾಹೇಬರು ಪೇಪರಿನಿಂದ ತಲೆ ಎತ್ತದೆಯೇ, "ನಾಳೆಯಿಂದ ನೀನೇ ಹಿಡಿ" ಎಂದರು. ಇವನು ಅದನ್ನು ಮನೆಯಲ್ಲಿ ಹೇಳುವಾಗ, "ನನ್ನನ್ನ ಸಂಶೋಧನೆ ಕಡೆಗೆ ಹಾಕಿದ್ದಾರೆ" ಎಂದ. ಊರಿನವರು ಅಷ್ಟೆಲ್ಲ ಉದ್ದ ಮಾಡದೆ ಅವನನ್ನು ಜರಡಿ ಎಂದು ಕರೆಯತೊಡಗಿದರು.

ಮೊದಲ ದಿನವೇ ಸಾಹೇಬರು ಒಂದು ಎಚ್ಚರಿಕೆ ಕೊಟ್ಟಿದ್ದರು.

"ಮೈಮೇಲೆ ಚಿನ್ನ ಗಿನ್ನ ಇದ್ರೆ ಬಿಚ್ಚಿಟ್ಟು ಮಣ್ಣು ಮುಟ್ಟಪ್ಪ. ಉಂಗುರದ ಒಂದು ಚೂರು ಸವೆದು ಬಿದ್ರೂ ಲ್ಯಾಬಿನ ಮೆಷಿನ್ನು ಹಿಡಿದುಬಿಡುತ್ತೆ."

ಜರಡಿ ತನ್ನ ಬಲಗೈ ಬೆರಳಿನ ಉಂಗುರವನ್ನು ಒಂದು ಕ್ಷಣ ನೋಡಿದ. ಆಮೇಲೆ ನಿಶ್ಚಿಂತೆಯಿಂದ, "ನನ್ನ ಹತ್ರ ಚಿನ್ನ ಏನೂ ಇಲ್ಲ ಸಾರ್" ಎಂದ. ಅವನು ಸುಳ್ಳು ಹೇಳಲಿಲ್ಲ. ಇಷ್ಟು ಪ್ರಾಮಾಣಿಕವಾಗಿ ತಪ್ಪು ಮಾಡಿದವರು ಸರ್ಕಾರಿ ನೌಕರಿಯಲ್ಲಿ ವಿರಳ.

ಈ ಉಂಗುರದ ಚರಿತ್ರೆ ಹೇಳದಿದ್ದರೆ ಮುಂದಿನ ಅನಾಹುತ ಅರ್ಥವಾಗುವುದಿಲ್ಲ. ಅದು ಮದುವೆಯಲ್ಲಿ ಮಾವ ಹಾಕಿದ್ದು. ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಊರಿನ ತಕ್ಕಡಿಗಳನ್ನೆಲ್ಲ ಹಿಡಿದು ನೋಡಿ, ಮುಳ್ಳು ಕೂದಲೆಳೆಯಷ್ಟು ವಾಲಿದರೂ ಅಂಗಡಿಯವರ ನೀರಿಳಿಸಿದವರು. ಅಂಥವರು ಕೊಟ್ಟ ಉಂಗುರವನ್ನು ಮದುವೆಮನೆಯಲ್ಲೇ ಜರಡಿಯ ಅಕ್ಕ ತಿರುಗಿಸಿ ನೋಡಿ, ಮೂಗು ಮುರಿದು, "ಲೋ, ಇದು ಹಿತ್ತಾಳೆ ಕಣೋ" ಎಂದು ಕಿವಿಯಲ್ಲಿ ಉಸುರಿದಳು. ತಿಂಗಳೊಪ್ಪತ್ತಿನಲ್ಲಿ ಬೆರಳಿನ ಸುತ್ತ ತೆಳ್ಳಗೆ ಹಸಿರು ಕಲೆಯೂ ಕಂಡಿತು. ಅಕ್ಕಸಾಲಿಗೆ ತೋರಿಸೋಣವೆಂದರೆ ಮಾವನ ಶಾಸನವೊಂದು ಮೊದಲೇ ಹೊರಟಿತ್ತು: "ನಾನು ಕೊಟ್ಟ ಉಂಗುರಾನ ಒರೆಗಲ್ಲಿಗೆ ಹಚ್ಚಿದ ದಿನ, ಬೆರಳಿಂದ ತೆಗೆದ ದಿನ, ಈ ಮನೆ ಮೆಟ್ಟಿಲು ಇಳೀಬೇಕಾಗುತ್ತೆ." ಜರಡಿ ಮನೆ ಅಳಿಯ. ಹೆಂಡತಿ, ಮಕ್ಕಳು, ಊಟ, ನಿದ್ದೆ, ಎಲ್ಲವೂ ಆ ಮೆಟ್ಟಿಲ ಮೇಲೆಯೇ ಇದ್ದವು. ಅವನು ಹಿತ್ತಾಳೆಯನ್ನು ಚಿನ್ನದಂತೆ ಧರಿಸಿಕೊಂಡು, ಮನಸ್ಸಿನೊಳಗೆ ಮಾವನನ್ನು ಕ್ಷಮಿಸಿ, ಇಷ್ಟು ವರ್ಷ ಸಂಸಾರ ಮಾಡಿದ್ದ.

ಹೀಗೆ ಹಿತ್ತಾಳೆ ಎಂದು ಅವನು ನಂಬಿದ್ದ ಉಂಗುರದ ಕೈಯಿಂದಲೇ ಜಿಲ್ಲೆಯ ಮಣ್ಣನ್ನೆಲ್ಲ ತಂತಿ ಜರಡಿಯ ಮೇಲೆ ತಿಕ್ಕಿ ತಿಕ್ಕಿ ಸೋಸಿ ಕಳಿಸಿದ. ಹೊಸ ಉತ್ಸಾಹ ಬೇರೆ. ಹಳೆಯ ಮುದುಕ ಬೆರಳ ತುದಿಯಲ್ಲಿ ಆಡಿಸುತ್ತಿದ್ದರೆ ಇವನು ಬಟ್ಟೆ ಒಗೆಯುವವನಂತೆ ಅಂಗೈ ಒತ್ತಿ ಉಜ್ಜುತ್ತಿದ್ದ.

ಲ್ಯಾಬಿನ ಉತ್ತರ ಬಂದ ದಿನ ಸಾಹೇಬರ ಕೈಯಿಂದ ಟೀ ಲೋಟ ಜಾರಿ ಪೇಪರಿನ ಮೇಲೆ ಬಿತ್ತು. ಬೋಳುಗುಡ್ಡದ ಮಣ್ಣಿನಲ್ಲಿ ಚಿನ್ನ! ಹಳ್ಳದ ಮರಳಿನಲ್ಲಿ ಚಿನ್ನ! ಯಾರೋ ಪುಣ್ಯಾತ್ಮನ ಜೋಳದ ಹೊಲದ ಬದುವಿನಲ್ಲಿ ಚಿನ್ನ!

"ಲೋ ಜರಡಿ! ಇಲ್ಲೀವರೆಗೆ ಎಲ್ಲಿದ್ಯೋ ನೀನು? ನಿನಗೆ ಮೊದಲೇ ಕೊಡಬೇಕಿತ್ತು ಕಣೋ ಈ ಕೆಲಸ!"

ಇದು ಗುಟ್ಟಾಗಿರಬೇಕೆಂದು ಸಾಹೇಬರು ಎಲ್ಲರಿಗೂ ಹೇಳಿದರು. ಎಲ್ಲರಿಗೂ ಹೇಳಿದ್ದರಿಂದ ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಮುಚ್ಚಬೇಕಿದ್ದ ಆಫೀಸಿಗೆ ಹೊಸ ಫ್ಯಾನು ಬಂತು, ಜೀಪು ಬಂತು, ಸಾಹೇಬರಿಗೆ ತಿರುಗುವ ಕುರ್ಚಿ ಬಂತು. ಅವರು ದಿನವಿಡೀ ಅದರಲ್ಲಿ ತಿರುಗಿ ತಿರುಗಿ ಜಿಲ್ಲೆಯ ನಾಲ್ಕು ದಿಕ್ಕನ್ನೂ ನೋಡುತ್ತಿದ್ದರು.

ಊರು ನಿಂತಲ್ಲಿ ನಿಲ್ಲದಾಯಿತು. ಪಕ್ಕದ ಮನೆಯವರು ಬಚ್ಚಲಿನ ಕಲ್ಲು ಕಿತ್ತು ಅಗೆದು, ಚಿನ್ನ ಸಿಗದೆ, ಆಮೇಲೆ ಅಂಗಳದಲ್ಲಿ ಸೀರೆ ಮರೆ ಕಟ್ಟಿಕೊಂಡು ಸ್ನಾನ ಮಾಡುವಂತಾಯಿತು. ಟೈಲರು ಹೊಸ ಮೆಷಿನ್ ತಂದು, "ಒಂದ್ಸಲ ಚಕ್ರ ತಿರುಗಿಸಿ ಹೋಗಿಬಿಡಿ, ನಿಮ್ಮ ಕೈಗುಣ ಚೆನ್ನಾಗಿದೆ" ಎಂದು ಜರಡಿಯನ್ನು ಎಳೆದೊಯ್ದ. ಹಾಲಿನವಳು ಹಾಲು ಬತ್ತಿದ ಎಮ್ಮೆಯನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಬಂದಳು. ಕೊನೆಗೆ ಹಿತ್ತಾಳೆ ಎಂದು ಮೊದಲು ಉಸುರಿದ ಅಕ್ಕ ಕೂಡ ಬಕೆಟಿನಲ್ಲಿ ತನ್ನ ಹಿತ್ತಿಲಿನ ಮಣ್ಣು ತುಂಬಿಕೊಂಡು ಬಸ್ಸಿನಿಂದ ಇಳಿದಳು.

"ನಿನ್ನ ಕೈಯಲ್ಲಿ ಒಂದ್ಸಲ ಕಲಸಿಕೊಡೋ ತಮ್ಮ. ಒಡಹುಟ್ಟಿದವಳಿಗೆ ಇಷ್ಟೂ ಮಾಡಲ್ವಾ?"

ಕಲಸಿಕೊಟ್ಟ. ತನ್ನ ಕೈಯಲ್ಲಿ ಏನೋ ಇದೆ ಎಂದು ಅವನಿಗೂ ನಂಬಿಕೆ ಬರತೊಡಗಿತ್ತು. ಒಂದು ದೃಷ್ಟಿಯಿಂದ ಅದು ಸರಿಯೂ ಆಗಿತ್ತು.

ಆದರೆ ಎಲ್ಲರಿಗಿಂತ ಹೆಚ್ಚು ತಲೆ ತಿರುಗಿದ್ದು ಮಾವನಿಗೆ. ಬೋಳುಗುಡ್ಡ ಜಲ್ಲಿ ಸಾಹುಕಾರನದು. ಅವನು ಆ ಗುಡ್ಡವನ್ನು ವರ್ಷಗಟ್ಟಲೆ ಒಡೆದು ಜಲ್ಲಿ ಮಾಡಿ ಮಾರಿದವನು. ಅದರೊಳಗೆ ಏನಿದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನ ಕಣ್ಣು ಮುಖ್ಯರಸ್ತೆಗೆ ಮುಖ ಮಾಡಿದ ಮಾವನ ಮನೆಯ ಮೇಲಿತ್ತು. ಒಂದು ದಿನ ಬಂದು ಜಗುಲಿಯಲ್ಲಿ ಕುಳಿತು, ದೊಡ್ಡ ತ್ಯಾಗಿಯಂತೆ ಹೇಳಿದ:

"ನಾನು ಕಲ್ಲು ಒಡೆಯೋನು ಸ್ವಾಮಿ, ಚಿನ್ನ ತೆಗೆಯೋದೆಲ್ಲ ನನ್ನ ಕೈಲಾಗಲ್ಲ. ನೀವು ತಿಳಿದವರು. ಮನೆ ನನಗೆ ಬರೆದುಕೊಡಿ, ಗುಡ್ಡ ನಿಮಗೆ ಬರೆದುಕೊಡ್ತೀನಿ."

ಮಾವ ಒಳಗೆ ಬಂದು ಬಾಗಿಲು ಹಾಕಿಕೊಂಡು ನಕ್ಕರು. "ಪಾಪ, ಪೆದ್ದ. ಬುದ್ಧಿ ಬರೋದರೊಳಗೆ ರಿಜಿಸ್ಟರ್ ಮಾಡಿಸಿಬಿಡಬೇಕು. ಅಳಿಯಂದ್ರೆ, ನೀವು ಇದ್ದೀರಿ ಅನ್ನೋ ಧೈರ್ಯದ ಮೇಲೆ ನಾನು ಇಳಿದಿರೋದು!"

ಇಷ್ಟು ವರ್ಷದಲ್ಲಿ ಮಾವ ಅವನ ಭುಜ ತಟ್ಟಿದ್ದು ಅದೇ ಮೊದಲು. ಜರಡಿಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮುಖ್ಯ ಕಚೇರಿಯಿಂದ ಒಬ್ಬ ಮೇಡಂ ಬಂದರು. ಮಣ್ಣು ಕಲ್ಲಿನ ಶಾಸ್ತ್ರ ಓದಿದವರು. ಲ್ಯಾಬು ಹೇಳಿದ್ದು ನಿಜವೇ ಎಂದು ಪರೀಕ್ಷಿಸಲು ಬಂದವರು. ನಕಾಶೆಯೊಂದನ್ನು ಮೇಜಿನ ಮೇಲೆ ಹರಡಿ, ಅದರಲ್ಲಿನ ಕೆಂಪು ಚುಕ್ಕೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಗುಡ್ಡದ ಮಣ್ಣಲ್ಲೂ ಚಿನ್ನ, ಹಳ್ಳದ ಮರಳಲ್ಲೂ ಚಿನ್ನ, ಈ ಆಫೀಸಿನ ಹಿಂದಿರೋ ಕಸದ ಗುಂಡೀಲೂ ಚಿನ್ನ. ಎಲ್ಲಾ ಕಡೆ ಒಂದೇ ಸಮ. ಭೂಮಿ ಹೀಗೆ ಲೆಕ್ಕ ಹಾಕಿ ಹಂಚಲ್ಲ ಸಾರ್. ಮಧ್ಯದಲ್ಲಿ ಒಂದು ವಾರದ ಚೀಲಗಳಲ್ಲಿ ಮಾತ್ರ ಏನೂ ಇಲ್ಲ. ಆ ವಾರ ಜರಡಿ ಹಿಡಿದೋರು ಯಾರು?"

ಸಾಹೇಬರು ಕುರ್ಚಿಯಲ್ಲಿ ಅರ್ಧ ತಿರುಗಿದರು. "ಆ ವಾರ ನಮ್ಮ ಜರಡಿಗೆ ಜ್ವರ ಮೇಡಂ. ನಾನೇ ಹಿಡಿದೆ."

ಅಳಿಯನಿಗೆ ಊಟದ ಡಬ್ಬಿ ತಂದಿದ್ದ ಮಾವ ಕಿಟಕಿಯಾಚೆಯಿಂದಲೇ ಕೂಗಿದರು: "ಕೇಳಿಸಿಕೊಂಡ್ರಾ! ನಮ್ಮ ಅಳಿಯಂದ್ರು ಮುಟ್ಟಿದ್ರೆ ಚಿನ್ನ, ಬಿಟ್ಟರೆ ಮಣ್ಣು! ಕೈಗುಣ ಅಂದ್ರೆ ಇದು!"

ಬಾಗಿಲಲ್ಲಿ ನೆರೆದಿದ್ದ ಜನ ಹೌದು ಹೌದು ಎಂದಿತು. ಮೇಡಂ ಮಾತ್ರ ಹೌದೆನ್ನಲಿಲ್ಲ. ಜರಡಿಯ ಕಡೆ ತಿರುಗಿ, "ಎಲ್ಲಿ, ನಿಮ್ಮ ಕೈ ತೋರಿಸಿ" ಎಂದರು.

ಯಾಕೆಂದು ಜರಡಿಗೆ ತಿಳಿಯುವ ಮೊದಲೇ ಅವನ ಬಲಗೈ ಪಕ್ಕದ ಮಣ್ಣಿನ ಚೀಲದೊಳಗೆ ಮೊಣಕೈವರೆಗೆ ಇಳಿದಿತ್ತು.

"ಕೈ ಮಣ್ಣಾಗಿದೆ ಮೇಡಂ."

"ಸರಿ, ನಾಳೆ ನೋಡೋಣ. ಬೆಳಿಗ್ಗೆ ಗುಡ್ಡಕ್ಕೆ ಹೋಗೋಣ. ನೀವು ದಾರಿ ತೋರಿಸಿ ಸಾಕು, ಏನೂ ಮುಟ್ಟಬೇಡಿ. ಮಣ್ಣು ನಾನೇ ತೆಗೀತೀನಿ."

ನಾಳೆ ಬೆಳಿಗ್ಗೆಯೇ ಮನೆ ಗುಡ್ಡಗಳ ರಿಜಿಸ್ಟ್ರೇಷನ್ನೂ ಇತ್ತು.

ಚೀಲದೊಳಗಿನ ಕೈಯನ್ನು ಹೊರತೆಗೆದು ನೋಡುತ್ತ ಜರಡಿ ಜೀವನದಲ್ಲಿ ಮೊದಲ ಬಾರಿಗೆ ಸಂಶೋಧನೆ ಮಾಡಿದ. ಉಂಗುರ ಹಿತ್ತಾಳೆಯಾಗಿದ್ದರೆ ಗುಡ್ಡದಲ್ಲಿ ಚಿನ್ನವಿದೆ. ಉಂಗುರ ಚಿನ್ನವಾಗಿದ್ದರೆ ಗುಡ್ಡದಲ್ಲಿ ಬರೀ ಜಲ್ಲಿಯಿದೆ, ಮನೆ ಹೋಗುತ್ತದೆ, ಹೆಂಡತಿ ಮಕ್ಕಳು ಬೋಳುಗುಡ್ಡದ ಮೇಲೆ ಬಿಸಿಲಿನಲ್ಲಿ ಕೂರುತ್ತಾರೆ. ಮಾವ ಮೋಸಗಾರರಾಗಿದ್ದರೆ ಎಲ್ಲರೂ ಬಚಾವ್. ಮಾವ ಸತ್ಯವಂತರಾಗಿದ್ದರೆ ಎಲ್ಲರೂ ಬೀದಿಪಾಲು. ಇಂಥ ಇಕ್ಕಟ್ಟು ಯಾವ ಅಳಿಯನಿಗೂ ಬಂದಿರಲಾರದು. ಬಾಯಿ ಬಿಟ್ಟರೆ ಆಫೀಸಿನಲ್ಲಿ ಕೆಲಸ ಹೋಗುತ್ತದೆ. "ನಿಮ್ಮ ಉಂಗುರ ಹಿತ್ತಾಳೆ ಅಂದುಕೊಂಡಿದ್ದೆ" ಎಂದು ಹೇಳಬೇಕಾಗುವುದರಿಂದ ಮನೆಯೂ ಹೋಗುತ್ತದೆ.

ಕಾಲು ಸುಟ್ಟ ಬೆಕ್ಕಿನಂತೆ ಅವನು ಅಕ್ಕಸಾಲಿಯ ಬೀದಿಗೆ ಹೋದ. ಒರೆಗಲ್ಲಿಗೆ ಒಂದು ಗೆರೆ ಎಳೆಸಿದರೆ ಸಾಕು, ತಿಳಿದುಹೋಗುತ್ತದೆ. ಅಂಗಡಿಯೊಳಗೆ ಇಣುಕಿದರೆ ಮಾವ ಕುಳಿತಿದ್ದಾರೆ! ಗುಡ್ಡದಿಂದ ಚಿನ್ನ ಬರತೊಡಗಿದ ಮೇಲೆ ಅಕ್ಕಸಾಲಿ ಎಷ್ಟು ಜನ ಆಳುಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ ಎಂದು ಉಪದೇಶ ಮಾಡುತ್ತಿದ್ದಾರೆ. ಜರಡಿ ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬಂದ. ಮಾವ ಎದ್ದಿಲ್ಲ. ಮತ್ತೆ ಹೋದ, ಮತ್ತೆ ಬಂದ.

"ಏನ್ರಿ ಅಳಿಯಂದ್ರೆ, ಎಷ್ಟು ಸಲ ಈ ಬೀದಿ ಅಳೀತೀರಿ?" ಎಂದು ಅಕ್ಕಸಾಲಿ ಕೂಗಿದ.

"ಚಿನ್ನ ಹುಡುಕೋರು ಹಾಗೇನೇ," ಎಂದು ಮಾವ ಹೆಮ್ಮೆಯಿಂದ ವಿವರಿಸಿದರು. "ನೆಲ ನೋಡ್ಕೊಂಡೇ ಓಡಾಡ್ತಿರ್ತಾರೆ."

ಮನೆಗೆ ಬಂದು ಹೆಂಡತಿಯ ಹತ್ತಿರವಾದರೂ ಹೇಳೋಣವೆಂದು ಅಡುಗೆಮನೆಗೆ ಹೋದ.

"ಏನೇ, ನಿಮ್ಮಪ್ಪ ಕೊಟ್ಟ ಉಂಗುರ ಇದೆಯಲ್ಲ..."

"ಕಳೆದುಬಿಟ್ರಾ?"

"ಇಲ್ಲ, ಇಲ್ಲೇ ಇದೆ. ಅದು ಚಿನ್ನವೇನಾ ಅಂತ..."

ಪಾತ್ರೆಯಲ್ಲಿ ಆಡುತ್ತಿದ್ದ ಸೌಟು ನಿಂತಿತು. "ನಿಮ್ಮಕ್ಕ ಬಕೆಟ್ ಹಿಡ್ಕೊಂಡು ಬಂದಾಗಲೇ ಅಂದುಕೊಂಡೆ. ಏನು ಹೇಳಿಕೊಟ್ಟು ಹೋದಳು?"

"ಅವಳಲ್ಲ ಕಣೇ..."

"ಇನ್ನು ಯಾರು? ಎಮ್ಮೆ ಹೇಳ್ತಾ?"

ಅಲ್ಲಿಗೆ ಆ ಸಂಭಾಷಣೆ ಹಳ್ಳ ಹಿಡಿಯಿತು. ಜರಡಿ ನಿಂತುಕೊಂಡೇ ಊಟ ಮಾಡಿದ, ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಹೊರಗೆ ಹೋಗಬೇಕೆನಿಸುತ್ತಿತ್ತು. ಬಚ್ಚಲಿಗೆ ಹೋಗಿ ಬೆರಳಿಗೆ ಸೋಪು ಹಚ್ಚಿ ಎಳೆದು ನೋಡಿದ. ಮಾವನ ಶಾಸನದಂತೆ ಉಂಗುರವೂ ಒಂದಿಷ್ಟೂ ಸಡಿಲವಾಗಲಿಲ್ಲ.

ಬೆಳಿಗ್ಗೆ ಜೀಪು ಬೋಳುಗುಡ್ಡದ ಬುಡದಲ್ಲಿ ನಿಂತಿತು. ಮೇಡಂ ಕೈಗೆ ಏನೂ ಹಾಕಿಕೊಂಡಿರಲಿಲ್ಲ, ಕೊರಳಿಗೂ ಇಲ್ಲ. ಪ್ಲಾಸ್ಟಿಕ್ಕಿನ ಸಣ್ಣ ಸಲಿಕೆಯಿಂದ ಮಣ್ಣು ತೆಗೆದು ಚೀಲಕ್ಕೆ ತುಂಬುತ್ತಿದ್ದರು. ಜರಡಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಸೂರ್ಯನನ್ನೂ ಊರಿನ ದಾರಿಯನ್ನೂ ನೋಡುತ್ತ ನಿಂತಿದ್ದ.

"ಇದರ ಉತ್ತರ ಯಾವಾಗ ಬರುತ್ತೆ ಮೇಡಂ?"

"ತಿಂಗಳಾದರೂ ಬೇಕು. ಅಷ್ಟರಲ್ಲಿ ಜನ ಏನೇನು ಮಾಡ್ಕೋತಾರೋ ಅಂತ ನನಗೆ ಭಯ. ಹೋದ ವರ್ಷ ಒಂದು ಹಳ್ಳೀಲಿ ಹೀಗೇ ಸುದ್ದಿ ಹಬ್ಬಿತ್ತು. ಹೊಲ ಮನೆ ಎಲ್ಲ ಮಾರಿ ಅಗೆದ್ರು. ನಾನು ಹೋದಾಗ ಒಬ್ಬಮ್ಮ ತಾನೇ ತೋಡಿದ ಗುಂಡೀಲಿ ಅಡುಗೆ ಮಾಡ್ತಾ ಕೂತಿದ್ದಳು. ಇರೋದಕ್ಕೆ ಬೇರೆ ಜಾಗ ಇರಲಿಲ್ಲ."

ಜರಡಿಗೆ ಆ ಗುಂಡಿಯಲ್ಲಿ ಸೌಟು ಹಿಡಿದು ಕುಳಿತ ತನ್ನ ಹೆಂಡತಿಯೇ ಕಣ್ಣಿಗೆ ಕಂಡಳು. ಇನ್ನು ತಡೆಯಲಾಗಲಿಲ್ಲ. ಬಲಗೈ ಮುಂದೆ ಚಾಚಿದ.

"ಮೇಡಂ, ಹಿತ್ತಾಳೆ ಉಂಗುರ ಹಾಕ್ಕೊಂಡು ಮಣ್ಣು ಉಜ್ಜಿದ್ರೆ ತೊಂದರೆ ಇಲ್ಲ ಅಲ್ವಾ?"

ಮೇಡಂ ಅವನ ಕೈ ತಿರುಗಿಸಿ, ಅಂಗೈ ಕಡೆಗೆ ತೆಳ್ಳಗೆ ಸವೆದುಹೋಗಿದ್ದ ಉಂಗುರವನ್ನು ಬಿಸಿಲಿಗೆ ಹಿಡಿದು ನೋಡಿದರು.

"ಇದು ಹಿತ್ತಾಳೆ ಅಂತ ನಿಮಗೆ ಯಾರು ಹೇಳಿದ್ದು?"

"ನಮ್ಮಕ್ಕ ಮೇಡಂ."

"ಅವರು ಎಲ್ಲಿ ಕೆಲಸ ಮಾಡ್ತಾರೆ?"

"ಎಲ್ಲೂ ಇಲ್ಲ. ಮನೇಲೇ ಇರ್ತಾಳೆ."

ಮೇಡಂ ಸಲಿಕೆಯನ್ನು ನೆಲಕ್ಕೆ ಹಾಕಿ, ಗುಡ್ಡದ ಕಲ್ಲಿನ ಮೇಲೆ ಕುಳಿತುಬಿಟ್ಟರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗುವ ಹಾಗಿರಲಿಲ್ಲ. ಅದನ್ನು ವಿಚಾರಿಸಲು ಜರಡಿಗೆ ಪುರಸೊತ್ತೂ ಇರಲಿಲ್ಲ. "ಮೇಡಂ, ಜೀಪು! ನಮ್ಮ ಮಾವ ಸಹಿ ಹಾಕಿಬಿಡ್ತಾರೆ!"

ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಂಚುಗಳ ತುಂಬ ಜನ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ಪೆನ್ನಿನ ಮುಚ್ಚಳ ತೆಗೆದಿದ್ದರು. ಪಕ್ಕದಲ್ಲಿ ಜಲ್ಲಿ ಸಾಹುಕಾರ ಪರಮ ಸಾಧುವಿನಂತೆ ಕೈಕಟ್ಟಿ ನಿಂತಿದ್ದ. ಜರಡಿ ಬೆಂಚು ಹಾರಿ, ಯಾರದೋ ಕಾಲು ತುಳಿದು, ಮೇಜಿನ ಮೇಲೆ ಅಂಗೈ ಊರಿದ.

"ಸಹಿ ಹಾಕಬೇಡಿ ಮಾವ! ಗುಡ್ಡದಲ್ಲಿ ಚಿನ್ನ ಇಲ್ಲ. ಲ್ಯಾಬಲ್ಲಿ ಕಂಡಿದ್ದು ನನ್ನ ಉಂಗುರದ್ದು. ಉಂಗುರ ಹಾಕ್ಕೊಂಡೇ ಮಣ್ಣು ಉಜ್ಜಿಬಿಟ್ಟೆ!"

ಮಾವ ಕನ್ನಡಕದ ಮೇಲಿಂದ ನೋಡಿದರು.

"ಚಿನ್ನ ಹಾಕ್ಕೊಂಡು ಮಣ್ಣು ಮುಟ್ಟಬಾರದು ಅಂತ ನಿಮ್ಮ ಆಫೀಸಲ್ಲಿ ಹೇಳಿರಲಿಲ್ವಾ ಅಳಿಯಂದ್ರೆ? ಗೊತ್ತಿದ್ದೂ ನನ್ನನ್ನ ಒಂದು ಮಾತು ಕೇಳದೆ ಯಾಕೆ ಹಾಕ್ಕೊಂಡೇ ಉಜ್ಜಿದ್ರಿ?"

ಜರಡಿ ನೆಲ ನೋಡಿದ. "ಹಿತ್ತಾಳೆ ಅಂದುಕೊಂಡಿದ್ದೆ ಮಾವ."

"ಏನಂದ್ರಿ?"

"ಮದುವೆ ದಿನದಿಂದಲೂ."

ಬೆಂಚುಗಳ ಮೇಲಿದ್ದವರು ತಮ್ಮ ತಮ್ಮ ಆಸ್ತಿ ಮರೆತು ಕಿವಿ ನೆಟ್ಟಗೆ ಮಾಡಿಕೊಂಡರು. ಮಾವನ ಮುಖ ಕೆಂಪಾಗಿ, ಬಿಳಿಚಿ, ಮತ್ತೆ ಕೆಂಪಾಯಿತು. ಜಲ್ಲಿ ಸಾಹುಕಾರನಿಗೆ ಬೇಟೆ ಕೈ ತಪ್ಪುವುದು ಕಂಡು ತಡೆಯಲಾಗಲಿಲ್ಲ.

"ಅಳಿಯಂದ್ರು ಹೇಳ್ತಿರೋದು ಸರೀನೇ ಸ್ವಾಮಿ, ಅದು ಹಿತ್ತಾಳೆನೇ! ನೋಡಿದ್ರೇ ಗೊತ್ತಾಗುತ್ತೆ, ಪಕ್ಕಾ ಹಿತ್ತಾಳೆ! ಹಿತ್ತಾಳೆಯಿಂದ ಚಿನ್ನ ಉದುರುತ್ತಾ? ಗುಡ್ಡದಲ್ಲಿರೋದು ಅಸಲಿ ಚಿನ್ನ. ನೀವು ಸುಮ್ನೆ ಸಹಿ ಹಾಕಿ!"

ಮಾವ ನಿಧಾನವಾಗಿ ಎದ್ದು ನಿಂತರು. ಒಂದು ಕಡೆ ಚಿನ್ನದ ಗುಡ್ಡ, ಇನ್ನೊಂದು ಕಡೆ ಒಂದು ಉಂಗುರದಷ್ಟು ಮರ್ಯಾದೆ. ಜೀವಮಾನವೆಲ್ಲ ಪರರ ತಕ್ಕಡಿ ನೋಡಿದವರು ಈಗ ತಾವೇ ತಕ್ಕಡಿಯಾಗಿ ಒಂದು ಕ್ಷಣ ಅತ್ತಿತ್ತ ತೂಗಿದರು. ಆಮೇಲೆ ಪತ್ರವನ್ನು ಎತ್ತಿ ಪರ್‍ರೆಂದು ಹರಿದರು.

"ನಾನು ಕೊಟ್ಟಿದ್ದು ಹಿತ್ತಾಳೆ ಅಂತೀಯೇನೋ ಕಲ್ಲು ಒಡೆಯೋನೇ? ಅಪ್ಪಟ ಚಿನ್ನ ಕಣೋ! ನಿನ್ನ ಗುಡ್ಡ ನೀನೇ ಇಟ್ಕೋ. ನಡೀರಿ ಎಲ್ಲಾ ಅಕ್ಕಸಾಲಿ ಅಂಗಡಿಗೆ!"

ಎಲ್ಲರೂ ಹೊರಟರು. ಜಲ್ಲಿ ಸಾಹುಕಾರ, ಮೇಡಂ, ಬೆಂಚಿನ ಮೇಲಿದ್ದವರು, ದಾರಿಯಲ್ಲಿ ಟೈಲರು, ಹಾಲಿನವಳು, ಸುದ್ದಿ ಮುಟ್ಟಿ ಸೌಟು ಹಿಡಿದೇ ಓಡಿಬಂದ ಜರಡಿಯ ಹೆಂಡತಿ. ಮುಂದೆ ಮುಂದೆ ಎದೆಯುಬ್ಬಿಸಿ ನಡೆದಿದ್ದ ಮಾವ ಅಕ್ಕಸಾಲಿಯ ಬೀದಿ ಹತ್ತಿರವಾದಂತೆ ಹಿಂದೆ ಹಿಂದೆ ಬಿದ್ದರು. ಕೊನೆಗೆ ಅಳಿಯನ ತೋಳು ಹಿಡಿದು ಪಕ್ಕಕ್ಕೆಳೆದರು.

"ಅಳಿಯಂದ್ರೆ, ಆ ಮೇಡಮ್ಮು ಸರಿಯಾಗಿ ನೋಡಿದ್ರಾ? ಚಿನ್ನ ಅಂತಲೇ ಅಂದ್ರಾ?"

"ಬಾಯಿಬಿಟ್ಟು ಏನೂ ಹೇಳಲಿಲ್ಲ ಮಾವ. ಯಾಕೆ? ನಿಮಗೆ ಗೊತ್ತಿಲ್ವಾ?"

ಮಾವ ಸುತ್ತ ನೋಡಿ ದನಿ ತಗ್ಗಿಸಿದರು. "ತುಂಬಾ ಚೌಕಾಸಿ ಮಾಡಿ ತಗೊಂಡಿದ್ದೆ. ನಾನು ಕೇಳಿದ್ದಕ್ಕೇ ಅವನು ಕೊಟ್ಟುಬಿಟ್ಟ. ಹೊರಗೆ ಬಂದ ಮೇಲೆ ಅನುಮಾನ ಶುರುವಾಯ್ತು. ಅವತ್ತಿಂದ ಇವತ್ತಿನವರೆಗೆ ನಿಮ್ಮ ಬೆರಳು ನೋಡಿದಾಗಲೆಲ್ಲ ಎದೆ ಹೊಡ್ಕೊಳ್ಳುತ್ತೆ."

ಜರಡಿಗೆ ಮಾವನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಒಂದೇ ಉಂಗುರದ ಬಗ್ಗೆ ಒಂದೇ ಮನೆಯಲ್ಲಿ ಇಬ್ಬರೂ ಇಷ್ಟು ವರ್ಷ ಬೇರೆ ಬೇರೆಯಾಗಿ ಹೆದರಿಕೊಂಡಿದ್ದೆವಲ್ಲ ಎನಿಸಿ ಅವನು ಮಾವನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಇಬ್ಬರೂ ಒಟ್ಟಿಗೆ ಅಂಗಡಿಯ ಮೆಟ್ಟಿಲು ಹತ್ತಿದರು.

ಅಕ್ಕಸಾಲಿ ಬೆರಳಿಗೆ ದಾರ ಸುತ್ತಿ, ಎಣ್ಣೆ ಬಿಟ್ಟು, ಜರಡಿ ಅಯ್ಯೋ ಅನ್ನುವುದರೊಳಗೆ ಉಂಗುರ ಕಿತ್ತ. ಒರೆಗಲ್ಲಿನ ಮೇಲೆ ಗೆರೆ ಎಳೆದ, ಅದರ ಮೇಲೆ ಸೀಸೆಯಿಂದ ಹನಿ ಬಿಟ್ಟ, ಕಣ್ಣು ಕಿರಿದು ಮಾಡಿ ಬಗ್ಗಿದ. ಮಾವ ಕಣ್ಣು ಮುಚ್ಚಿಕೊಂಡರು.

"ಚಿನ್ನ," ಎಂದ ಅಕ್ಕಸಾಲಿ. "ಸ್ವಲ್ಪ ತಾಮ್ರ ಸೇರಿದೆ, ಅದು ಎಲ್ಲರೂ ಸೇರಿಸ್ತಾರೆ. ಒಳ್ಳೆ ಚಿನ್ನ."

ಹೆಂಡತಿ ಸೌಟಿನಿಂದ ಗಂಡನನ್ನು ಮೆಲ್ಲಗೆ ತಿವಿದಳು. ಮೇಡಂ ಮುಂದೆ ಬಂದು, "ನಾಳೆಯಿಂದ ನೀವು ಮತ್ತೆ ಟೀ ತರೋದಕ್ಕೇ ಬನ್ನಿ, ಜರಡಿ ಮಾತ್ರ ಮುಟ್ಟಬೇಡಿ" ಎಂದರು. ಕೆಲಸ ಹೋಗಲಿಲ್ಲ, ಮನೆ ಹೋಗಲಿಲ್ಲ ಎಂದು ಜರಡಿ ನೆಲಕ್ಕೆ ಕುಸಿದು ಕುಳಿತ. ಬಹಳ ಹೊತ್ತಿನ ಮೇಲೆ ಅವನು ಒಂದು ಕಡೆ ನೆಮ್ಮದಿಯಾಗಿ ಕುಳಿತದ್ದು ಆಗಲೇ.

ಮಾವನ ಕಣ್ಣು ಈಗ ತೆರೆದಿತ್ತು. ಅದರೊಳಗಿನ ಹಳೆಯ ಇನ್‌ಸ್ಪೆಕ್ಟರ್ ಎದ್ದು ಕುಳಿತಿದ್ದ. "ತೂಕ ಹಾಕು" ಎಂದರು. ಮೊದಲು ಅಕ್ಕಸಾಲಿಯ ತಕ್ಕಡಿಯ ಸೀಲು ಪರೀಕ್ಷಿಸಿದರು. ಆಮೇಲೆ ಮುಳ್ಳಿಗೆ ಮೂಗು ತಗುಲುವಷ್ಟು ಹತ್ತಿರ ಬಗ್ಗಿದರು.

"ತಗೊಂಡಾಗ ಇದ್ದಷ್ಟು ಇಲ್ಲವಲ್ಲ! ಗುಲಗಂಜಿಯಷ್ಟು ಕಡಿಮೆ ಬರ್ತಿದೆ. ಉಳಿದಿದ್ದು ಎಲ್ಲಿ ಹೋಯ್ತು ಅಳಿಯಂದ್ರೆ?"

ಜರಡಿ ಕುಳಿತಲ್ಲಿಂದಲೇ ಹೇಳಿದ: "ಜಿಲ್ಲೆ ತುಂಬಾ ಇದೆ ಮಾವ. ಗುಡ್ಡದ್ದು, ಹಳ್ಳದ್ದು, ಎಲ್ಲ ಮಣ್ಣು ಸೋಸಿದ ಅಡುಗೆಮನೇಲಿ ಒಂದಷ್ಟು, ಲ್ಯಾಬಲ್ಲಿ ಒಂದಷ್ಟು, ನಮ್ಮಕ್ಕನ ಬಕೆಟ್ಟಲ್ಲಿ ಒಂಚೂರು."

ಮಾವ ಲೆಕ್ಕ ಹಾಕುತ್ತ ನಿಂತರು. ಆಮೇಲೆ, ಮೆಲ್ಲಗೆ ಜಾರಿಕೊಳ್ಳುತ್ತಿದ್ದ ಜಲ್ಲಿ ಸಾಹುಕಾರನ ಕಡೆ ಬೆರಳು ತೋರಿಸಿ ಗುಡುಗಿದರು.

"ಕೇಳಿಸಿಕೊಂಡ್ಯೇನಯ್ಯ? ಈ ಜಿಲ್ಲೇಲಿ ಎಲ್ಲಿ ಚಿನ್ನ ಸಿಕ್ಕಿದ್ರೂ ಅದು ನಂದು!"

ಮರುದಿನ ಬೆಳಿಗ್ಗೆ ಜರಡಿ ಖಾಲಿ ಬೆರಳು ಸವರಿಕೊಳ್ಳುತ್ತ, ನೆಮ್ಮದಿಯಿಂದ ಆಫೀಸಿಗೆ ಹೊರಟ. ಜಗುಲಿಯಲ್ಲಿ ಮಾವ ಆಗಲೇ ಸಿದ್ಧವಾಗಿ ನಿಂತಿದ್ದರು. ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಚೀಲ.

"ಬೇಗ ಬನ್ನಿ ಅಳಿಯಂದ್ರೆ. ಮೊದಲು ನಿಮ್ಮ ಆಫೀಸಿನ ಅಡುಗೆಮನೆ ಗುಡಿಸೋಣ, ಆಮೇಲೆ ನಿಮ್ಮಕ್ಕನ ಮನೆಗೆ ಹೋಗೋಣ."